ನಕ್ಷತ್ರ ಎಡಕ್ಕೆ, ಡೇಟಾ ಬಲಕ್ಕೆ

ಶನಿವಾರ ಬಂದ ಸಿಟ್ಟು ಸೋಮವಾರ ರಾತ್ರಿಯಾದರೂ ಇಳಿದಿಲ್ಲ. ಹಾಗಾಗಿ ಇದು ಉದ್ದ ಆಗುತ್ತದೆ. ಪುರುಸೊತ್ತಿದ್ದವರು ಓದಿ.

ನಾನು ಊರಿಗೆ ಬಂದದ್ದು ನಿಮಗೆ ಗೊತ್ತು. ಅಂಗಳ ತುಂಬ ಒಣಗಲು ಹಾಕಿದ ಅಡಿಕೆಯ ಫೋಟೋ ಹಾಕಿದ್ದೆನಲ್ಲ. ಅದನ್ನು ನೋಡಿ ನನ್ನ ಹಳೆಯ ಟೀಚರ್ ಫೋನ್ ಮಾಡಿದರು. ನಮ್ಮ ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೇ ಕ್ಲಾಸಿನವರಿಗೆ ಕರಿಯರ್ ಗೈಡೆನ್ಸ್ ಉಂಟು, ನೀನೂ ಹತ್ತು ನಿಮಿಷ ಮಾತಾಡು ಅಂತ. ಖುಷಿಯಿಂದಲೇ ಹೋದೆ. ಮುಖ್ಯ ಭಾಷಣ ಒಬ್ಬ ತಜ್ಞರದ್ದು. ಕೋಟು, ಕಾಲರಿಗೆ ಸಿಕ್ಕಿಸಿದ ಮೈಕು, ಎಲ್ಲ ಸರಿಯಾಗಿಯೇ ಇತ್ತು.

ಅವರು ಬೋರ್ಡಿನ ನಡುವೆ ಮೇಲಿಂದ ಕೆಳಗೆ ಒಂದು ಗೆರೆ ಎಳೆದರು. ಎಡಗಡೆ ಹವ್ಯಾಸ, ಬಲಗಡೆ ಉದ್ಯೋಗ. ಎಡಕ್ಕೆ ಸಂಗೀತ, ಯಕ್ಷಗಾನ, ಫೋಟೋಗ್ರಫಿ, ಖಗೋಳ. ಬಲಕ್ಕೆ ಡೇಟಾ ಸೈನ್ಸ್, ಎಐ, ನರ್ಸಿಂಗ್, ಸಿಎ. (ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ನಿಂತು ಯಕ್ಷಗಾನವನ್ನು ಹವ್ಯಾಸ ಅಂದದ್ದಕ್ಕೆ ಬೇರೆಯೇ ಜಗಳ ಮಾಡಬೇಕು. ಅದು ಇನ್ನೊಂದು ದಿನಕ್ಕಿರಲಿ.) "ಎಡಗಡೆಯದ್ದನ್ನು ಭಾನುವಾರ ಮಾಡಿ, ಬಲಗಡೆಯದ್ದು ಅನ್ನ ಹಾಕುತ್ತದೆ" ಅಂದರು. ಮಕ್ಕಳು ನೋಟ್ಸ್ ಬರೆದುಕೊಂಡರು. ನಾನು ವೇದಿಕೆಯಲ್ಲೇ ಕುಳಿತಿದ್ದೆ. ಹದಿನೈದು ವರ್ಷದಿಂದ ನನಗೆ ಅನ್ನ ಹಾಕುತ್ತಿರುವುದು ಆ ಗೆರೆಯ ಎರಡೂ ಕಡೆಯದ್ದು, ಖಗೋಳವೂ ಡೇಟಾ ಸೈನ್ಸೂ. ನಾನು ಕುರ್ಚಿಯನ್ನು ಎತ್ತ ಎಳೆದುಕೊಳ್ಳಬೇಕಿತ್ತು ಮಾರಾಯ್ರೆ?

ಆಗ ಮೂರನೇ ಬೆಂಚಿನ ಒಬ್ಬಳು ಹುಡುಗಿ ಎದ್ದು ನಿಂತಳು. 2019ರ ಡಿಸೆಂಬರ್ 26ರ ಕಂಕಣ ಗ್ರಹಣ, ಸೂರ್ಯ ಬಳೆಯ ಹಾಗೆ ಕಂಡದ್ದು, ನೆನಪಿದೆ ಅಲ್ವಾ? ಆಗ ಇವಳು ನಾಲ್ಕನೇ ಕ್ಲಾಸು. ಅಕ್ಕಪಕ್ಕದವರೆಲ್ಲ ಬಾಗಿಲು ಹಾಕಿ ಕುಳಿತಿದ್ದರೆ ಇವಳನ್ನು ಮಾವ ಬೈಕಿನಲ್ಲಿ ಚೆರುವತ್ತೂರಿಗೆ ಕರೆದುಕೊಂಡು ಹೋಗಿದ್ದನಂತೆ. ಬಳೆ ಇಂಥ ನಿಮಿಷಕ್ಕೆ ಕೂಡುತ್ತದೆ, ಇಂಥ ನಿಮಿಷಕ್ಕೆ ಒಡೆಯುತ್ತದೆ ಅಂತ ಪೇಪರಿನಲ್ಲಿ ಮೊದಲೇ ಬಂದಿತ್ತು. ಮಾವನ ವಾಚಿನಲ್ಲಿ ಹಾಗೆಯೇ ಆಯಿತು. "ಅದು ಅಷ್ಟು ಸರಿಯಾಗಿ ಹೇಗೆ ಗೊತ್ತಾಗುತ್ತದೆ ಸರ್?" ಅಂತ ಕೇಳಿದಳು.

ತಜ್ಞರು ನಕ್ಕು, "ಗುಡ್ ಕ್ವೆಶ್ಚನ್. ಇಂಥದ್ದನ್ನೆಲ್ಲ ರಜೆಯಲ್ಲಿ ಯೂಟ್ಯೂಬಿನಲ್ಲಿ ನೋಡಿ. ಈಗ ಸ್ಕೋಪ್ ಇರುವುದರ ಬಗ್ಗೆ ಕೇಳಿ" ಅಂದರು. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು.

ಅವಳು ಕೇಳಿದ್ದೇ ಡೇಟಾ ಸೈನ್ಸಿನ ಪ್ರಶ್ನೆ. ಗ್ರಹಣದ ನಿಮಿಷ ಹೇಳಬೇಕಾದರೆ ಚಂದ್ರ ಎಲ್ಲಿರುತ್ತಾನೆ ಅಂತ ಸರಿಯಾಗಿ ಗೊತ್ತಿರಬೇಕು. 1969ರಲ್ಲಿ ಚಂದ್ರನ ಮೇಲೆ ಒಂದು ಕನ್ನಡಿ ಇಟ್ಟು ಬಂದರು, ಆಮೇಲೆ ಇನ್ನೂ ಕೆಲವು. ಅವಕ್ಕೆ ಇಲ್ಲಿಂದ ಲೇಸರ್ ಬಿಟ್ಟು, ಹೋಗಿ ಬರಲು ಹಿಡಿಯುವ ಎರಡೂವರೆ ಸೆಕೆಂಡನ್ನು ಇವತ್ತಿಗೂ ಅಳೆಯುತ್ತಲೇ ಇದ್ದಾರೆ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ನಮ್ಮಿಂದ ದೂರ ಸರಿಯುತ್ತಿದ್ದಾನೆ ಅಂತ ಗೊತ್ತಾದದ್ದು ಹಾಗೆ. ಚಂದ್ರನ ಅಂಚಿನ ಗುಡ್ಡ ಎಷ್ಟು ಎತ್ತರ, ಕಣಿವೆ ಎಷ್ಟು ಆಳ, ಅದೂ ಲೆಕ್ಕಕ್ಕೆ ಸೇರುತ್ತದೆ. ಅಳತೆಗಳ ರಾಶಿ, ಪ್ರತಿ ಅಳತೆಯಲ್ಲೂ ಚೂರು ತಪ್ಪು, ಆ ತಪ್ಪುಗಳ ನಡುವೆಯೇ ಸರಿಯಾದ ದಾರಿ ಹಿಡಿಯುವುದು. ಇದು ಎಡಗಡೆಯದ್ದೋ ಬಲಗಡೆಯದ್ದೋ ಹೇಳಿ ನೋಡೋಣ.

ಇದು ಇವತ್ತಿನ ಕಥೆಯೂ ಅಲ್ಲ. 1801ರ ಜನವರಿ 1ರಂದು ಇಟಲಿಯ ಖಗೋಳಜ್ಞ ಪಿಯಾಜಿ, ಸಿರಿಸ್ ಅನ್ನುವ ಪುಟ್ಟ ಕಾಯವನ್ನು ಕಂಡ. ಒಂದೂವರೆ ತಿಂಗಳೊಳಗೆ ಅದು ಸೂರ್ಯನ ಬೆಳಕಿನಲ್ಲಿ ಕಳೆದುಹೋಯಿತು. ಇದ್ದದ್ದು ಕೆಲವೇ ಅಳತೆ. ಜರ್ಮನಿಯ ಗಣಿತಜ್ಞ, 24 ವರ್ಷದ ಗಾಸ್ ಅಷ್ಟನ್ನೇ ಹಿಡಿದು ಲೆಕ್ಕ ಹಾಕಿ, ಇಂಥಲ್ಲಿ ಹುಡುಕಿ ಅಂದ. ಡಿಸೆಂಬರಿನಲ್ಲಿ ಹೆಚ್ಚುಕಮ್ಮಿ ಅಲ್ಲೇ ಸಿಕ್ಕಿತು. ಲೀಸ್ಟ್ ಸ್ಕ್ವೇರ್ಸ್ (ತಪ್ಪುಗಳ ವರ್ಗದ ಮೊತ್ತ ಅತಿ ಕಡಿಮೆ ಆಗುವ ಹಾಗೆ ಲೆಕ್ಕ ಹೊಂದಿಸುವುದು) ಅಂತ ಇವತ್ತು ಡೇಟಾ ಸೈನ್ಸ್ ಕ್ಲಾಸಿನ ಮೊದಲ ವಾರ ಕಲಿಸುತ್ತಾರಲ್ಲ, ಅದರ ಬೇರು ಇಂಥ ಆಕಾಶದ ಲೆಕ್ಕಗಳಲ್ಲೇ ಇರುವುದು. ಕೋಟಿನ ತಜ್ಞರ ಬಲಗಡೆಯ ಪಟ್ಟಿ ಹುಟ್ಟಿದ್ದೇ ಎಡಗಡೆ!

ಅಮೆರಿಕದ ಖಗೋಳಜ್ಞೆ ಹೆನ್ರಿಯೆಟಾ ಲೀವಿಟ್ ಬಗ್ಗೆ ನಾನು ಮೊದಲೂ ಬರೆದಿದ್ದೇನೆ, ಹಾಗಾಗಿ ಚುಟುಕಾಗಿ. ಹಾರ್ವರ್ಡಿನಲ್ಲಿ ಗಾಜಿನ ಫೋಟೋ ಪ್ಲೇಟುಗಳನ್ನು ನೋಡಿ ನೋಡಿ ನಕ್ಷತ್ರದ ಬೆಳಕು ಬರೆದಿಡುವ ಹೆಂಗಸರಿಗೆ ಆಗ ಕಂಪ್ಯೂಟರ್ ಅಂತಲೇ ಹೆಸರು. ಲೀವಿಟ್ ಅವರಲ್ಲೊಬ್ಬಳು. 1912ರಲ್ಲಿ ಆಕೆ, ಬೆಳಕು ಏರಿಳಿಯುತ್ತಲೇ ಇರುವ ಬರೇ 25 ನಕ್ಷತ್ರಗಳ ಮೇಲೆ ಒಂದು ಗೆರೆ ಎಳೆದು ತೋರಿಸಿದಳು. ಹೆಚ್ಚು ಬೆಳಗುವ ನಕ್ಷತ್ರ ನಿಧಾನವಾಗಿ ಮಿಡಿಯುತ್ತದೆ ಅಂತ. ಗ್ಯಾಲಕ್ಸಿಗಳ ದೂರ ಅಳೆಯಲು ಸಾಧ್ಯವಾದದ್ದು ಆ ಗೆರೆಯಿಂದ. ಗೆರೆ ಎಳೆಯುವುದಿದ್ದರೆ ಹಾಗೆ ಎಳೆಯಬೇಕು.

ನನ್ನ ಸರದಿ ಬಂದಾಗ ಉಳಿದದ್ದು ಏಳು ನಿಮಿಷ. ಮಾಡಿಕೊಂಡು ಹೋದ ಸ್ಲೈಡುಗಳನ್ನು ಬಿಟ್ಟೆ. "ಮನೆಯಲ್ಲಿ ಅಡಿಕೆ ವಿಂಗಡಿಸುವುದು ನೋಡಿದ್ದೀರಾ?" ಅಂತ ಕೇಳಿದೆ. ಎಲ್ಲ ಕೈ ಮೇಲೆದ್ದವು. ಚಾಲಿ, ಪಟೋರ, ಉಳ್ಳಿಗಡ್ಡೆ, ಕೋಕ, ಕರಿಗೋಟು, ಬಗೆಗಳ ಹೆಸರನ್ನು ಅವರೇ ಹೇಳಿದರು. ನಮ್ಮಜ್ಜಿ ಚಾವಡಿಯಲ್ಲಿ ಕಾಲು ಚಾಚಿ ಕುಳಿತು, ಕಣ್ಣು ಅರ್ಧ ಮುಚ್ಚಿ, ಮಾತಾಡುತ್ತಲೇ ಬೇರೆ ಮಾಡುತ್ತಿದ್ದಳು. ಕೆಲವನ್ನು ಮಾತ್ರ ಬೆರಳಲ್ಲಿ ತಿರುಗಿಸಿ, ಪಟೋರವೋ ಕೋಕವೋ ಅಂತ ಒಂದು ಗಳಿಗೆ ನಿಲ್ಲುತ್ತಿದ್ದಳು. ನಾನು ಕಂಪ್ಯೂಟರಿಗೆ ಕಲಿಸುವುದು ಅದನ್ನೇ. ಅಡಿಕೆಯ ಬದಲು ನಕ್ಷತ್ರ. ಇದು ತಾನಾಗಿ ಮಿಡಿಯುವ ನಕ್ಷತ್ರ, ಇದು ಜೋಡಿ ನಕ್ಷತ್ರ, ಒಂದಕ್ಕೊಂದು ಅಡ್ಡ ಬರುತ್ತಿದೆ, ಇದು ನಕ್ಷತ್ರವೇ ಅಲ್ಲ, ಕ್ಯಾಮೆರಾದ ದೋಷ. ಮೊದಲು ಮನುಷ್ಯರು ವಿಂಗಡಿಸಿದ ಸಾವಿರಾರು ಉದಾಹರಣೆ ಕೊಡಬೇಕು. ಆಮೇಲೆ ಅದು ಕೋಟಿಗಟ್ಟಲೆ ವಿಂಗಡಿಸುತ್ತದೆ. ಅಜ್ಜಿ ನಿಂತಲ್ಲಿ ಅದೂ ತಡವರಿಸುತ್ತದೆ. ನನ್ನ ಸಂಬಳ ಆ ತಡವರಿಕೆಯ ಕೆಲಸಕ್ಕೆ.

ಅಷ್ಟೊಂದು ಯಾಕೆ ಅಂತ ಒಬ್ಬ ಕೇಳಿದ. ಗಾಯಾ ಅನ್ನುವ ಯುರೋಪಿನ ಉಪಗ್ರಹ 2022ರಲ್ಲಿ ಕೊಟ್ಟ ಪಟ್ಟಿಯಲ್ಲಿ ಸುಮಾರು 180 ಕೋಟಿ ಆಕಾಶಕಾಯಗಳಿವೆ. ಚಿಲಿಯ ರೂಬಿನ್ ಟೆಲಿಸ್ಕೋಪಿನ ಕ್ಯಾಮೆರಾ 3200 ಮೆಗಾಪಿಕ್ಸೆಲ್‌ನದ್ದು, ಒಂದು ರಾತ್ರಿಗೆ ಸುಮಾರು 20 ಟೆರಾಬೈಟ್ ಡೇಟಾ. ಇದನ್ನು ಯಾರು ಕಣ್ಣಲ್ಲಿ ನೋಡುತ್ತಾರೆ? ಖಗೋಳ ಅಂದರೆ ಟೆಲಿಸ್ಕೋಪಿಗೆ ಕಣ್ಣಿಟ್ಟು ಚಳಿಯಲ್ಲಿ ನಡುಗುವುದು ಅಂತ ಜನ ಇನ್ನೂ ಅಂದುಕೊಂಡಿದ್ದಾರೆ. ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿರುವ ನಮ್ಮ ಟೆಲಿಸ್ಕೋಪನ್ನು ಬೆಂಗಳೂರಿನ ಹತ್ತಿರ ಹೊಸಕೋಟೆಯಲ್ಲಿ ಕುಳಿತು ನಡೆಸುತ್ತಾರೆ. ನಡುಗುವುದಾದರೆ ಏಸಿಗೆ.

ಸರಿ, ಈಗ ಕಮೆಂಟಿಗೆ ಬರುವವರು ಬರುತ್ತೀರಿ ಅಂತ ಗೊತ್ತು. "ಅವರು ಹೇಳಿದ್ದರಲ್ಲಿ ತಪ್ಪೇನು? ಖಗೋಳದಲ್ಲಿ ಕೆಲಸ ಎಷ್ಟಿದೆ?" ಅಂತ. ಹೌದು, ಕಡಿಮೆ. ಪಿಎಚ್‌ಡಿ ಆಗಿ, ಎರಡು ಮೂರು ದೇಶದಲ್ಲಿ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನೆ ಕೆಲಸ) ಮಾಡಿ, ಮೂವತ್ತೈದಾದರೂ ಮನೆ ಬಾಡಿಗೆಯ ಕರಾರು ಹನ್ನೊಂದು ತಿಂಗಳು ದಾಟದವರಿದ್ದಾರೆ. ನನ್ನ ಜೊತೆ ಇದ್ದವರು ಸುಮಾರು ಮಂದಿ ಕಂಪನಿಗೆ ಹೋದರು. ಒಬ್ಬ ಈಗ ಬ್ಯಾಂಕಿನ ಮೋಸದ ವ್ಯವಹಾರ ಹಿಡಿಯುತ್ತಾನೆ. ಸೂಪರ್‌ನೋವಾ, ಅಂದರೆ ಸಿಡಿಯುವ ನಕ್ಷತ್ರ, ಹಿಡಿಯಲು ಕಲಿತದ್ದರಲ್ಲೇ ಹಿಡಿಯುತ್ತಾನೆ. ಲಕ್ಷ ಸಾಧಾರಣದ ನಡುವೆ ಒಂದು ವಿಚಿತ್ರ, ಅಷ್ಟೇ. ಹಾಗಾದರೆ ಗೆರೆ ಎಲ್ಲಿ ಉಳಿಯಿತು? ಕೆಲಸ ಕಡಿಮೆ ಅಂತ ಹೇಳಿ, ಅದು ಸತ್ಯ. ಹವ್ಯಾಸ ಅಂತ ಹೇಳಬೇಡಿ, ಅದು ಸುಳ್ಳು.

ಇಷ್ಟು ಬರೆದು ಒಂದು ಮಾತು ಒಪ್ಪಿಕೊಳ್ಳಬೇಕು. ಆ ಗೆರೆಯನ್ನು ನಾನೂ ಎಳೆದವಳೇ. ಅಮ್ಮ ಮದುವೆ ಬ್ರೋಕರಿಗೆ ಕೊಟ್ಟ ಬಯೋಡೇಟಾದಲ್ಲಿ 'ಡೇಟಾ ಸೈಂಟಿಸ್ಟ್' ಅಂತ ಮಾತ್ರ ಇತ್ತು. ಬರೆದುಕೊಟ್ಟದ್ದು ನಾನೇ. ಜಾತಕ ನೋಡುತ್ತೀಯಾ ಅಂತ ಕೇಳುವವರಿಗೆ ಉತ್ತರ ಕೊಟ್ಟು ಸಾಕಾಗಿತ್ತು. ಎರಡನೇ ಪೋಸ್ಟ್‌ಡಾಕ್ ಮುಗಿಯುವಾಗ ಎರಡು ಸಿವಿ ಮಾಡಿಟ್ಟುಕೊಂಡಿದ್ದೆ. ಒಂದರಲ್ಲಿ ನಕ್ಷತ್ರ ಅನ್ನುವ ಪದವೇ ಇಲ್ಲ. ಅದರಲ್ಲಿ ನಾನು ಆರು ವರ್ಷ 'ಅಂತರ ಸಮ ಇಲ್ಲದ ಟೈಮ್ ಸೀರೀಸ್' (ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ಅಳತೆಗಳ ಸಾಲು) ಮೇಲೆ ದುಡಿದವಳು. ಮೋಡ ಬಂದ ರಾತ್ರಿ ಅಂತ ಬರೆಯಲೂ ನಾಚಿಕೆ, 'ಮಿಸ್ಸಿಂಗ್ ಡೇಟಾ' ಅಂತ ಬರೆದೆ.

ಅಪ್ಪನ ಮಳೆ ಪುಸ್ತಕ ನೋಡಿದವರು ನನಗಿಂತ ಮೊದಲೇ ಈ ಮಿಸ್ಸಿಂಗ್ ಡೇಟಾದ ಪಾಠ ಕಲಿತಿರುತ್ತಾರೆ. ದಿನಾ ಬೆಳಿಗ್ಗೆ ಡಬ್ಬಿ ಅಳೆದು ಮಿಲಿಮೀಟರ್ ಬರೆಯುತ್ತಾರೆ. ಮಳೆ ಬಾರದ ದಿನ ಸೊನ್ನೆ. ಮದುವೆಗೆ ಅಂತ ಪುತ್ತೂರಿಗೆ ಹೋಗಿ ಉಳಿದ ದಿನ ಒಂದು ಅಡ್ಡ ಗೀಟು. ಸೊನ್ನೆ ಬೇರೆ, ನೋಡಲಿಲ್ಲ ಅನ್ನುವುದು ಬೇರೆ. ಎಂಟೆಕ್ ಮಾಡಿ ಬರುವವರಿಗೂ ಇದನ್ನು ತಲೆಗೆ ಹತ್ತಿಸಲು ನನಗೆ ಒಂದು ಸೆಮಿಸ್ಟರ್ ಬೇಕು.

ಕಾಲೇಜುಗಳ ಇಂಟರ್‌ವ್ಯೂ ಕಥೆ ಇನ್ನೂ ಚಂದ. ಫಿಸಿಕ್ಸಿನವರು "ಇದು ಕಂಪ್ಯೂಟರ್ ಕೆಲಸ ಆಯಿತಲ್ಲ" ಅಂದರು. ಕಂಪ್ಯೂಟರಿನವರು "ಹೊಸ ಆಲ್ಗರಿದಮ್ ಎಲ್ಲಿದೆ, ಇದು ಫಿಸಿಕ್ಸ್" ಅಂದರು. ಜಾಹೀರಾತಿನಲ್ಲಿ ಮಾತ್ರ ಎರಡೂ ಕಡೆ 'ಇಂಟರ್‌ಡಿಸಿಪ್ಲಿನರಿ' ಅಂತ ದಪ್ಪ ಅಕ್ಷರ. ನನಗೆ ಆಶ್ಚರ್ಯ ಆಗಲಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಾವು ಕೇಳುತ್ತಿರುವ ಮಾತೇ ಅಲ್ವಾ ಇದು? ಬೆಂಗಳೂರಿಗೆ ಹೋದರೆ ನೀವು ಕೇರಳದವರು, ತಿರುವನಂತಪುರಕ್ಕೆ ಹೋದರೆ ನೀವು ಕನ್ನಡದವರು. ಇವಳು ಎಲ್ಲವನ್ನೂ ಗಡಿ ವಿಷಯಕ್ಕೇ ತರುತ್ತಾಳೆ ಅಂತ ಬೈಯಬೇಡಿ. ಗೆರೆ ಕಂಡರೆ ನಮಗೆ ಮೈ ಉರಿಯುತ್ತದೆ, ಅಷ್ಟೇ.

ಇನ್ನೊಂದು ಉಳಿಯಿತು. ಕಾರ್ಯಕ್ರಮ ಮುಗಿದು ಚಾ ಕುಡಿಯುವಾಗ ಆ ತಜ್ಞರು ಕಾರ್ಡ್ ಕೊಟ್ಟರು. ಅವರ ಸೆಂಟರಿನಲ್ಲಿ ಎರಡು ವಾರದ ಡೇಟಾ ಸೈನ್ಸ್ ಕ್ಲಾಸು ಮಾಡುತ್ತೀರಾ ಅಂತ. "ಅಡಿಕೆ ಉದಾಹರಣೆ ಸೂಪರ್ ಮೇಡಂ. ನಕ್ಷತ್ರದ್ದು ಬೇಡ, ಮಕ್ಕಳಿಗೆ ಕನ್‌ಫ್ಯೂಸ್ ಆಗುತ್ತದೆ."

ಭಾನುವಾರ ಟೀಚರ್ ವಾಟ್ಸಾಪ್ ಮಾಡಿದರು. ಮೂರನೇ ಬೆಂಚಿನವಳಿಗೆ ಇನ್ನೊಂದು ಪ್ರಶ್ನೆಯಂತೆ. ನಮ್ಮ ಕಡೆ ಮುಂದಿನ ಕಂಕಣ ಯಾವಾಗ? 2031ರ ಮೇ 21, ಆದರೆ ಕಾಸರಗೋಡಿಗೆ ಬಳೆ ಪೂರ್ತಿ ಸಿಗುವುದಿಲ್ಲ, ಕೊಚ್ಚಿ ಕಡೆಗೆ ರೈಲು ಹತ್ತಬೇಕು ಅಂತ ಬರೆದೆ. ಹತ್ತು ನಿಮಿಷದಲ್ಲಿ ಮತ್ತೆ ಬಂತು. ಎಷ್ಟು ಗಂಟೆ, ಎಷ್ಟು ನಿಮಿಷ, ಎಷ್ಟು ಸೆಕೆಂಡಿಗೆ? ಅದನ್ನು ಹೇಳಲಿಲ್ಲ. ಇಲ್ಲಿನ ಹೈಸ್ಕೂಲಿನಲ್ಲಿ ಐಟಿ ಪಾಠಕ್ಕೆ ಪೈಥಾನ್ ಉಂಟಲ್ಲ, ಅದರಲ್ಲೇ ಲೆಕ್ಕ ಹಾಕು ಅಂತ ಆಸ್ಟ್ರೋಪೈ (ಪೈಥಾನಿನಲ್ಲಿ ಖಗೋಳದ ಲೆಕ್ಕ ಹಾಕುವ ಸಾಫ್ಟ್‌ವೇರ್) ಹಾಕಿಕೊಳ್ಳುವ ವಿಧಾನ ಕನ್ನಡದಲ್ಲಿ ಬರೆದು ಕಳಿಸಿದೆ, ಒಂದೂವರೆ ಪುಟ.

ಲ್ಯಾಬಿನಲ್ಲಿ ನೆಟ್ ಇಲ್ಲವಂತೆ. ನಾಳೆ ಪೆನ್‌ಡ್ರೈವ್ ಹಿಡಿದುಕೊಂಡು ಹೋಗುತ್ತಿದ್ದೇನೆ.