ಬಹಳ ಹೊತ್ತು ಕೊಡದ ಸ್ಲಾಟ್ ಮಷೀನ್ ಇನ್ನೇನು ಕೊಡುತ್ತದೆಯೇ? ಇಲ್ಲ

"ಬಹಳ ಹೊತ್ತಿನಿಂದ ದುಡ್ಡು ಕೊಡದ ಸ್ಲಾಟ್ ಮಷೀನ್ ಮುಂದೆ ಕೂತರೆ ಜಾಕ್‌ಪಾಟ್ ಗ್ಯಾರಂಟಿ" ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು, ದಯವಿಟ್ಟು ನಂಬಬೇಡಿ. (ಸ್ಲಾಟ್ ಮಷೀನ್ ಅಂದರೆ ದುಡ್ಡು ಹಾಕಿ, ಚಿತ್ರಗಳಿರುವ ಚಕ್ರಗಳನ್ನು ತಿರುಗಿಸುವ ಜೂಜಿನ ಯಂತ್ರ.)

ಮಷೀನ್‌ ಹಿಂದಿನ ಆಟದ ಲೆಕ್ಕ ನೋಡುವುದಿಲ್ಲ. ಒಳಗಿನ ಚಿಪ್ ಬಿಡುವಿಲ್ಲದೆ ಸಂಖ್ಯೆಗಳನ್ನು ಹುಟ್ಟಿಸುತ್ತಿರುತ್ತದೆ. ನೀವು ಬಟನ್ ಒತ್ತಿದ ಕ್ಷಣದಲ್ಲೇ ಫಲಿತಾಂಶ ತೀರ್ಮಾನವಾಗುತ್ತದೆ. ಆಮೇಲೆ ಚಕ್ರ ತಿರುಗುವುದು ಸುಮ್ನೆ ತೋರಿಕೆಗೆ.

ಆ ಚಕ್ರವನ್ನೂ ನಂಬುವಂತಿಲ್ಲ. ಕಣ್ಣಿಗೆ 22 ಜಾಗ ಕಂಡರೂ ಸಾಫ್ಟ್‌ವೇರ್ ಲೆಕ್ಕದಲ್ಲಿ 64 ಸಂಖ್ಯೆಗಳಿರಬಹುದು; ಒಂದೊಂದು ಸಂಖ್ಯೆಯೂ ಕಣ್ಣಿಗೆ ಕಾಣುವ ಯಾವುದೋ ಒಂದು ಜಾಗಕ್ಕೆ ಸೇರಿರುತ್ತದೆ. ಇಂಗೆ ಟೆಲ್ನೆಸ್ ಎಂಬುವರು 1984ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಮೂರು ಚಕ್ರಗಳಲ್ಲೂ ಜಾಕ್‌ಪಾಟ್‌ಗೆ ಒಂದೊಂದೇ ಜಾಗ, ಒಂದೊಂದೇ ಸಂಖ್ಯೆ ಇದ್ದರೆ, ನೋಡಿದವರಿಗೆ 10,648ಕ್ಕೆ ಒಂದು ಅವಕಾಶ ಅನಿಸುತ್ತದೆ. ನಿಜವಾದ ಅವಕಾಶ 2,62,144ಕ್ಕೆ ಒಂದು. ಎಷ್ಟು ವ್ಯತ್ಯಾಸ ಅಲ್ವಾ? ಜಾಕ್‌ಪಾಟ್ ಚಿತ್ರದ ಪಕ್ಕದ ಖಾಲಿ ಜಾಗಕ್ಕೆ ಜಾಸ್ತಿ ಸಂಖ್ಯೆ ಹಂಚಿದಾಗ, "ಅಯ್ಯೋ, ಸ್ವಲ್ಪದರಲ್ಲೇ ತಪ್ಪಿತು" ಎಂದು ಮತ್ತೆ ಮತ್ತೆ ಅನಿಸುತ್ತದೆ.