ಯಾಕೆಂದರೆ, ನಾನು ಜೆರಾಕ್ಸ್ ಮಾಡಿಸಬೇಕು

ನಮ್ಮ ಆಫೀಸಿನಲ್ಲಿ ವರ್ಷಕ್ಕೊಮ್ಮೆ ಅರ್ಧ ದಿನದ ಟ್ರೈನಿಂಗ್ ಇರುತ್ತದೆ. ಊಟ ಅವರದ್ದೇ ಆದ್ದರಿಂದ ಹಾಜರಾತಿಗೆ ಕೊರತೆಯಿಲ್ಲ. ಈ ಸಲದ ವಿಷಯ, ಎದುರಿನವರು ನಮ್ಮ ಮಾತಿಗೆ ಒಪ್ಪುವಂತೆ ಮಾಡುವುದು ಹೇಗೆ ಅಂತ. ನನಗೆ ತುರ್ತಾಗಿ ಬೇಕಾಗಿದ್ದ ವಿಷಯ. ನಮ್ಮ ಗೇಟಿಗೆ ಅಡ್ಡ ಮಲಗುವ ಬೀದಿನಾಯಿ ಕೂಡ ನನ್ನ ಮಾತು ಕೇಳುವುದಿಲ್ಲ. ಏಳು ಅಂದರೆ ಒಂದು ಕಣ್ಣು ಬಿಟ್ಟು, ಓ ಇವನಾ ಅಂತ ಮತ್ತೆ ಮುಚ್ಚಿಕೊಳ್ಳುತ್ತದೆ.

ಟ್ರೈನಿಂಗ್ ಕೊಡಲು ಬಂದವರು ಒಂದು ಪ್ರಯೋಗದ ಕಥೆ ಹೇಳಿದರು. ಎಲೆನ್ ಲ್ಯಾಂಗರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು 1978ರಲ್ಲಿ ಪ್ರಕಟಿಸಿದ್ದಂತೆ. ನ್ಯೂಯಾರ್ಕ್‌ನ ವಿಶ್ವವಿದ್ಯಾಲಯವೊಂದರಲ್ಲಿ ಜೆರಾಕ್ಸ್ ಮಾಡಲು ಹೊರಟವರ ಹತ್ತಿರ ಹೋಗಿ, 'ನಂದು ಐದೇ ಪುಟ, ಮೊದಲು ಮಾಡಿಕೊಳ್ಳಲಾ?' ಅಂತ ಕೇಳುವುದು. ಸುಮ್ನೆ ಕೇಳಿದಾಗ ನೂರಕ್ಕೆ 60 ಜನ ಬಿಟ್ಟುಕೊಟ್ಟರು. 'ಯಾಕೆಂದರೆ ನನಗೆ ಅವಸರ ಇದೆ' ಅಂದಾಗ 94. ತಮಾಷೆ ಇರುವುದು ಆಮೇಲೆ. 'ಯಾಕೆಂದರೆ ನಾನು ಜೆರಾಕ್ಸ್ ಮಾಡಬೇಕು' ಅಂದಾಗಲೂ 93! ಅದು ಕಾರಣವೇ ಅಲ್ಲ. ಜೆರಾಕ್ಸ್ ಮಷೀನಿನ ಹತ್ತಿರ ಬಂದವರು ಇನ್ನೇನು ರೊಟ್ಟಿ ಸುಡುತ್ತಾರಾ? ಆದರೂ 'ಯಾಕೆಂದರೆ' ಅಂತ ಕಿವಿಗೆ ಬಿದ್ದರೆ ಸಾಕು, ಜನ ತಲೆಯಾಡಿಸಿಬಿಡುತ್ತಾರೆ.

ನನಗೆ ರೋಮಾಂಚನವಾಯಿತು. ಅಷ್ಟರಲ್ಲಿ ಬಿಸಿಬೇಳೆಬಾತಿನ ವಾಸನೆಯೂ ಬಂತು. ಖಾರಾಬೂಂದಿ ಖಾಲಿಯಾಗುವ ಮೊದಲು ಹೋಗೋಣ ಅಂತ ಹಿಂದಿನ ಬಾಗಿಲಿಂದ ಜಾರಿಕೊಂಡೆ. ಪ್ರಯೋಗದ ಉಳಿದ ಅರ್ಧ ನಾನು ಕೇಳಲಿಲ್ಲ.

ಮರುದಿನ ಅಪ್ಪನ ಸೈಟಿನ ಖಾತೆ ಕೆಲಸಕ್ಕೆ ಹೋಗಿದ್ದೆ. ಆಫೀಸಿನ ಎದುರು ಒಂದು ಜೆರಾಕ್ಸ್ ಅಂಗಡಿ. ಅಂಗಡಿ ಅನ್ನುವುದಕ್ಕಿಂತ ಗೂಡು. ಕ್ರಯಪತ್ರ, ಇಸಿ, ಕಂದಾಯ ರಸೀದಿ, ಆಧಾರ್ ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ಹನ್ನೆರಡು ಜನ ಬಿಸಿಲಲ್ಲಿ ನಿಂತಿದ್ದರು. ನಾನು ಸೀದಾ ಮುಂದೆ ಹೋಗಿ, ಮುಖದಲ್ಲಿ ವಿನಯ ತಂದುಕೊಂಡು ಹೇಳಿದೆ: 'ಸ್ವಲ್ಪ ಜಾಗ ಬಿಡ್ತೀರಾ? ಯಾಕಂದ್ರೆ, ನಾನು ಜೆರಾಕ್ಸ್ ಮಾಡಿಸಬೇಕು.'

ಮುಂದಿದ್ದ ಪಂಚೆಯುಟ್ಟ ಹಿರಿಯರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹೆಗಲ ಮೇಲಿನ ಟವೆಲ್ಲು ಒಂದು ಸಲ ಕೊಡವಿ ಈ ಭುಜದಿಂದ ಆ ಭುಜಕ್ಕೆ ಹಾಕಿಕೊಂಡರು. 'ನಾವೇನ್ ಸ್ವಾಮಿ, ಇಲ್ಲಿ ಕಟಿಂಗ್ ಮಾಡಿಸೋಕೆ ನಿಂತಿದೀವಾ?'

ಇಡೀ ಸಾಲು ನಕ್ಕಿತು. ಅಂಗಡಿ ಹುಡುಗ ಮಾತ್ರ ಪಾಪ, ಸಮಾಧಾನವಾಗಿ 'ಎಷ್ಟು ಹಾಳೆ ಸಾರ್?' ಅಂದ. 'ಇಪ್ಪತ್ತೆರಡು. ಮೂರು ಸೆಟ್.' ಅಲ್ಲಿಗೆ ಆ ಹುಡುಗನೂ ನಕ್ಕ.

ಪ್ರಯೋಗದ ಉಳಿದರ್ಧವನ್ನು ಸೋಮವಾರ ಸಹೋದ್ಯೋಗಿಯೊಬ್ಬರು ಹೇಳಿದರು. ಐದು ಪುಟದ ಬದಲು 20 ಪುಟ ಅಂದಾಗ ಆ ಪೊಳ್ಳು 'ಯಾಕೆಂದರೆ' ಪೂರ್ತಿ ನೆಲಕಚ್ಚಿತಂತೆ. ಕಾರಣ ಹೇಳದೆ ಕೇಳಿದಾಗಲೂ 24, ಪೊಳ್ಳು ಕಾರಣ ಕೊಟ್ಟಾಗಲೂ 24. ನಿಜವಾಗಿ ಅವಸರ ಅಂದವರಿಗೇ 42 ದಾಟಲಿಲ್ಲ. ಒಂದು ಹಿಡಿ ಖಾರಾಬೂಂದಿಗೆ ನಾನು ತೆತ್ತ ಬೆಲೆ ಇದು.

ಆಫೀಸಿನಲ್ಲಿ ಮಾತ್ರ ಒಮ್ಮೆ ಗೆದ್ದಿದ್ದೇನೆ. ಸೋಮವಾರ ಬೆಳಗ್ಗೆ 9ರ ಮೀಟಿಂಗು ದಂಡ ಅಂತ ಪಟ್ಟಿ ಸಮೇತ ಮ್ಯಾನೇಜರ್ ಮುಂದೆ ಇಟ್ಟೆ. ಅವರು ಒಂದೊಂದು ಸಾಲಿಗೂ ತಲೆದೂಗಿದರು. ಕೊನೆಗೆ, 'ಇಷ್ಟೊಂದು ಯೋಚನೆ ಮಾಡಿದೀರಲ್ಲ, ಇನ್ಮೇಲೆ ಈ ಮೀಟಿಂಗ್ ನೀವೇ ನಡೆಸಿಬಿಡಿ' ಅಂದರು. ಈಗ ಎಂಟೂವರೆಗೇ ಹೋಗಿ ಪ್ರೊಜೆಕ್ಟರ್ ಹಚ್ಚುವವನು ನಾನೇ.

ನಿಜವಾದ ಪಂಡಿತರು ಟ್ರೈನಿಂಗಿಗೆ ಬರುವುದಿಲ್ಲ. ಅವರು ಆಟೋ ಓಡಿಸುತ್ತಾರೆ. ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಇದನ್ನು ಬಾಯಿಪಾಠ ಮಾಡಿಕೊಂಡೇ ಹತ್ತಿದ್ದೆ. ಚಾಲಕ ಒಂದು ಮಾತಿಗೂ ಇಲ್ಲ ಅನ್ನಲಿಲ್ಲ. ಹೂಂ ಸಾರ್, ಸರಿ ಸಾರ್, ನೀವು ಹೇಳೋದೇ ರೈಟು ಸಾರ್ ಅನ್ನುತ್ತಲೇ ಗ್ಯಾಸಿನ ರೇಟು, ಮಗಳ ಪಿಯುಸಿ ಫೀಸು, ವಾಪಸ್ ಖಾಲಿ ಬರೋ ಕಷ್ಟ ಎಲ್ಲ ಹೇಳಿದ. ಇಳಿದು ಮೀಟರಿನ ಮೇಲೆ 40 ರೂಪಾಯಿ ಕೊಟ್ಟೆ. ಆತ ಕೇಳಿದ್ದು 20. ತರಕಾರಿ ಅಜ್ಜಿಯದು ಇನ್ನೂ ಮೇಲಿನ ಮಟ್ಟ. ನಾನು ಚೌಕಾಸಿಗೆ ಬಾಯಿ ತೆರೆಯುವ ಮೊದಲೇ ಕೊಸರು ಅಂತ ನಾಲ್ಕು ಎಳೆ ಕೊತ್ತಂಬರಿ ಚೀಲಕ್ಕೆ ಹಾಕಿಬಿಡುತ್ತಾಳೆ. ಆಮೇಲೆ ಹೇಗೆ ಚೌಕಾಸಿ ಮಾಡುವುದು? ನಮ್ಮ ಮನೆಯಲ್ಲಿ ಯಾರೂ ತಿನ್ನದ ಸೋರೆಕಾಯಿ ವಾರಕ್ಕೊಂದು ಬರುತ್ತಿದೆ.

ಇರಲಿ. ನನ್ನ ದೊಡ್ಡ ಸೋಲು ಅಪ್ಪನ ಕಿವಿ.

ಅಪ್ಪನಿಗೆ 76. ಕಿವಿ ಮಂದವಾಗಿ ಎರಡು ವರ್ಷ ಆಯಿತು. ನಮ್ಮ ಟಿವಿಯ ವಾರ್ತೆ ಕೇಳಿ ಎದುರುಮನೆಯವರು ತಮ್ಮ ಟಿವಿ ಆಫ್ ಮಾಡುತ್ತಾರೆ. ಮಷೀನು ಹಾಕಿಸಿಕೊಳ್ಳಿ ಅಂತ ನಾನು ಹೇಳುತ್ತಲೇ ಇದ್ದೆ. ಒಪ್ಪದಿದ್ದವರನ್ನು ಒಪ್ಪಿಸಬಹುದು, ಕೇಳಿಸದವರನ್ನು ಒಪ್ಪಿಸುವುದು ಹೇಗೆ?

'ಅಪ್ಪಾ, ಕಿವಿಗೆ ಮಷೀನು ತರೋಣ.'

'ಮೀನಾ? ಥೂ, ನಮ್ಮನೇಲಿ ಯಾರೋ ತಿಂತಾರೆ?'

'ಮೀನಲ್ಲ, ಮಷೀನು! ಕಿವಿಗೆ!'

'ಕಿವಿಗೆ ಮೀನಿನೆಣ್ಣೆ ಬಿಡಬಾರದು ಕಣೋ. ಡಾಕ್ಟ್ರು ಬೈತಾರೆ.'

ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ಓದಿ, ಕನ್ನಡಕ ತೆಗೆದು, ನನಗೆಲ್ಲ ಕೇಳಿಸುತ್ತೆ, ನೀವೇ ಬಾಯೊಳಗೆ ಮಾತಾಡ್ತೀರಿ ಅಂದರು.

ಹೀಗಿರುವಾಗ ಒಂದು ಸಂಜೆ ಪಾರ್ಕಿನಿಂದ ಬಂದವರೇ ಚಪ್ಪಲಿಯನ್ನೂ ಬಿಡದೆ, 'ನಾಳೆ ಆ ಮಷೀನು ನೋಡ್ಕೊಂಡು ಬರೋಣ' ಅಂದರು. ನಾನು ಬೆರಗಾದೆ. ವಿಚಾರಿಸಿದರೆ, ಇಸ್ಪೀಟಿನ ಜೊತೆಗಾರ ಮೇಷ್ಟ್ರು ಕಿವಿಗೆ ಮಷೀನು ಹಾಕಿಸಿಕೊಂಡಿದ್ದರಂತೆ. ಅವರು ಅಪ್ಪನ ಕಿವಿಯ ಹತ್ತಿರ ಬಾಗಿ ಹೇಳಿದ್ದು ಒಂದೇ ಮಾತು: 'ಮನೆಯವರು ನನ್ನ ಬಗ್ಗೆ ಏನೇನು ಮಾತಾಡ್ಕೊಳ್ತಾರೆ ಅಂತ ಎರಡೇ ದಿನಕ್ಕೆ ಗೊತ್ತಾಗಿ ಹೋಯ್ತು ಕಣ್ರೀ.'

ನನ್ನ ಎರಡು ವರ್ಷದ ಭಾಷಣದಲ್ಲಿ ಈ ಅಂಶ ಇರಲೇ ಇಲ್ಲ.

ಮಷೀನು ಬಂತು. ಕೆಂಪು ಗುರುತಿನದು ಬಲಗಿವಿಗೆ, ನೀಲಿಯದು ಎಡಗಿವಿಗೆ. ಬ್ಯಾಟರಿ ಹುರುಳಿಕಾಳಿಗಿಂತ ಒಂದಿಷ್ಟೇ ದೊಡ್ಡದು. ಹಿಂದಿನ ಕಂದು ಸ್ಟಿಕ್ಕರ್ ಕಿತ್ತು ಗಾಳಿ ತಾಗಿದ ಮೇಲೆಯೇ ಅದಕ್ಕೆ ಜೀವ ಬರುವುದು. ಪುಟ್ಟ ಬಾಗಿಲು ತೆರೆದು ಒಳಗಿಟ್ಟು ಮುಚ್ಚಿದರೆ ಮಷೀನು ಶುರು. ತೆರೆದರೆ ಬಂದ್. ಮೊದಲ ದಿನ ಅಪ್ಪ ಫ್ಯಾನಿನ ಸದ್ದಿಗೆ ಬೆಚ್ಚಿ, ತಮ್ಮದೇ ಚಪ್ಪಲಿಯ ಚರಪರಕ್ಕೆ ಹಿಂದೆ ತಿರುಗಿ ನೋಡಿದರು. ಎರಡನೇ ದಿನದಿಂದ ಅಡುಗೆಮನೆಯ ಪಕ್ಕದ ಕುರ್ಚಿಗೆ ಜಾಗ ಬದಲಾಯಿಸಿದರು. ನಾವೆಲ್ಲ ಸನ್ನೆಯಲ್ಲಿ ಮಾತಾಡಲು ಕಲಿತೆವು.

ಅಪ್ಪನಿಗೆ ಕೇಳಿಸುತ್ತಿದೆ ಅಂದಮೇಲೆ ನನ್ನ ಉತ್ಸಾಹ ಮತ್ತೆ ಕೆರಳಿತು. ಅವರ ಕಾಫಿಗೆ ಮೂರು ಚಮಚ ಸಕ್ಕರೆ ಬೇಕು. ಡಾಕ್ಟರು ಒಂದೂ ಬೇಡ ಅಂದಿದ್ದಾರೆ. ಭಾನುವಾರ ಬೆಳಗ್ಗೆ ಎದುರು ಕೂತು, ಸ್ವರ ತಗ್ಗಿಸಿ, ನಿಜವಾದ ಕಾರಣಗಳನ್ನೇ ಜೋಡಿಸಿಕೊಂಡು ಆರಂಭಿಸಿದೆ.

'ಅಪ್ಪಾ, ಸಕ್ಕರೆ ಸ್ವಲ್ಪ ಕಮ್ಮಿ ಮಾಡಿ. ಯಾಕಂದ್ರೆ...'

ಅಪ್ಪ ತಲೆ ಕೆರೆದುಕೊಳ್ಳುವವರ ಹಾಗೆ ಕೈ ಎತ್ತಿದರು. ಬಲಗಿವಿಯ ಹಿಂದೆ ಟಿಕ್ ಅಂತ ಸಣ್ಣ ಸದ್ದು. ಆಮೇಲೆ ಎಡಗಿವಿಯಲ್ಲಿ ಇನ್ನೊಂದು ಟಿಕ್.

'ಹೂಂ, ಹೇಳಪ್ಪಾ' ಅಂದರು, ಲೋಟ ಕೈಗೆತ್ತಿಕೊಂಡು. 'ಕೇಳಿಸ್ಕೊಳ್ತಿದೀನಿ.'