ಡೆಡ್‌ಲೈನ್‌ಗೆ ಮತ್ತೊಂದು ‘ಫೈನಲ್’ ಯಾಕೆ?

‘ಫೈನಲ್ ಡೆಡ್‌ಲೈನ್’ ಅಂತ ಯಾರಾದರೂ ಬರೆದರೆ ನನಗೆ ನಗು ಬರುತ್ತದೆ. ಡೆಡ್‌ಲೈನ್ ಅಂದಮೇಲೆ ಅದೇ ಕೊನೆ ಅಲ್ವಾ? ಹಿಂದೆ ಕೊಟ್ಟ ಡೆಡ್‌ಲೈನ್‌ಗಳೆಲ್ಲ ಸುಳ್ಳು ಅಂತ ಕೊಟ್ಟವರೇ ಒಪ್ಪಿಕೊಂಡ ಹಾಗಾಯಿತು. ಈಗಂತೂ ಹಾರ್ಡ್ ಡೆಡ್‌ಲೈನ್, ಸಾಫ್ಟ್ ಡೆಡ್‌ಲೈನ್ ಅಂತ ಬೇರೆ. ಸಾಫ್ಟ್ ಅಂದರೆ ದಾಟಿದರೂ ನಡೆಯುತ್ತದೆ ಅಂತ. ನಡೆಯುವುದಾದರೆ ಅದನ್ನು ಡೆಡ್ ಅನ್ನುವುದೇಕೆ?

ಈ ಪದ ಹುಟ್ಟಿದ ಜಾಗದಲ್ಲಿ ಸಾಫ್ಟ್ ಅನ್ನುವ ಮಾತೇ ಇರಲಿಲ್ಲ. ಅಮೆರಿಕದ ಅಂತರ್ಯುದ್ಧದ ಕಾಲ. 1864ರ ಫೆಬ್ರವರಿಯಲ್ಲಿ ದಕ್ಷಿಣದವರು ಜಾರ್ಜಿಯಾದ ಆಂಡರ್ಸನ್‌ವಿಲ್‌ನಲ್ಲಿ ಉತ್ತರದ ಸೈನಿಕರನ್ನು ಕೂಡಿಹಾಕಲು ಒಂದು ಶಿಬಿರ ತೆರೆದರು. ಸುತ್ತ ಪೈನ್ ದಿಮ್ಮಿಗಳನ್ನು ನೆಟ್ಟು ಕಟ್ಟಿದ ಎತ್ತರದ ಗೋಡೆ. ಗೋಡೆಯಿಂದ ಸುಮಾರು 19 ಅಡಿ ಒಳಗೆ ಗೂಟಗಳ ಮೇಲೆ ಪಟ್ಟಿ ಹೊಡೆದ ಒಂದು ಬಡಕಲು ಬೇಲಿ. ಅದೇ ಡೆಡ್ ಲೈನ್. ಮೇಲೆ ಅಟ್ಟಣೆಯಲ್ಲಿ ಬಂದೂಕು ಹಿಡಿದ ಕಾವಲುಗಾರರು. ಬೇಲಿ ದಾಟಿದವನ ಮೇಲೆ ಗುಂಡು ಹಾರಿಸಲು ಅವರಿಗೆ ಅಪ್ಪಣೆ ಇತ್ತು. ಅಲ್ಲಿಗೆ ಬಂದ ಸುಮಾರು 45,000 ಕೈದಿಗಳಲ್ಲಿ 13,000ದಷ್ಟು ಜನ ಸತ್ತರು. ಗುಂಡಿಗಿಂತ ರೋಗ, ಹಸಿವು, ಕೊಳಕು ನೀರಿಗೆ ಸತ್ತವರೇ ಜಾಸ್ತಿ. ಯುದ್ಧ ಮುಗಿದ ಮೇಲೆ ಶಿಬಿರದ ಹೊಣೆ ಹೊತ್ತಿದ್ದ ಕ್ಯಾಪ್ಟನ್ ಹೆನ್ರಿ ವಿರ್ಜ್‌ನ ವಿಚಾರಣೆಯಲ್ಲಿ ಈ ಬೇಲಿಯ ಮಾತೂ ಬಂತು. 1865ರ ನವೆಂಬರ್ 10ರಂದು ಅವನನ್ನು ಗಲ್ಲಿಗೇರಿಸಿದರು.

ಆಮೇಲೆ ಅಚ್ಚುಕೂಟದವರೂ ಇದೇ ಹೆಸರನ್ನು ಬಳಸಿದರು. ಮುದ್ರಣ ಯಂತ್ರದ ಹಾಸಿನ ಮೇಲೆ ಒಂದು ಗೆರೆ. ಅಚ್ಚುಮೊಳೆ ಅದರಾಚೆ ಹೋದರೆ ಸರಿಯಾಗಿ ಅಚ್ಚಾಗುವುದಿಲ್ಲ. ಕಾಲಮಿತಿ ಅನ್ನುವ ಅರ್ಥ ಅಂಟಿಕೊಂಡಿದ್ದು 20ನೇ ಶತಮಾನದ ಆರಂಭದಲ್ಲಿ, ಅಮೆರಿಕದ ಪತ್ರಿಕಾ ಕಚೇರಿಗಳಲ್ಲಿ.

ಪತ್ರಿಕೆಯವರು ಹಾಗೆ ಕರೆದದ್ದರಲ್ಲಿ ಅರ್ಥವಿದೆ. ರಾತ್ರಿ ಪುಟ ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಪ್ರೆಸ್ ಓಡುವುದು ತಡ. ಪ್ರೆಸ್ ತಡವಾದರೆ ಬಂಡಲ್ ಕಟ್ಟುವುದು ತಡ. ಕಟ್ಟುವಷ್ಟರಲ್ಲಿ ವ್ಯಾನ್ ಹೊರಡುವ ಹೊತ್ತು ಮೀರಿರುತ್ತದೆ. ನಿಮ್ಮ ಸುದ್ದಿ ಎಷ್ಟೇ ದೊಡ್ಡದಿರಲಿ, ಆ ಹೊತ್ತಿನೊಳಗೆ ಬರದಿದ್ದರೆ ನಾಳೆಯ ಪತ್ರಿಕೆಯಲ್ಲಿ ಇಲ್ಲ. ಯಾರ ಹಟವೂ ಅಲ್ಲ, ಮುಂದಿನ ಕೆಲಸ ಕಾಯುವುದಿಲ್ಲ ಅಷ್ಟೇ.

ಡೆಡ್‌ಲೈನ್‌ಗೆ ಇರಬೇಕಾದ ಲಕ್ಷಣ ಇದೇ ಅಂತ ನನಗನ್ನಿಸುತ್ತದೆ. ಬರೀ ತಾರೀಖು ಸಾಲದು, ಅದು ದಾಟಿದರೆ ಏನಾಗುತ್ತದೆ ಅನ್ನುವುದೂ ಬೇಕು. ಬಿಲ್‌ಗೆ ಡ್ಯೂ ಡೇಟ್ ಇರುತ್ತದೆ. ದಾಟಿದರೆ ದಂಡ ಕಟ್ಟಿ ಬಗೆಹರಿಸಬಹುದು. ಪರೀಕ್ಷೆಗೆ ಅರ್ಜಿ ಹಾಕುವ ವೆಬ್‌ಸೈಟ್ ರಾತ್ರಿ 11.59ಕ್ಕೆ ಮುಚ್ಚಿತೆಂದರೆ ಆ ವರ್ಷ ಹೋಯಿತು. ಮೊದಲನೆಯದನ್ನು ಡೆಡ್‌ಲೈನ್ ಅನ್ನುವುದು ಅತಿಯಾಯಿತು, ಎರಡನೆಯದು ಅಪ್ಪಟ ಡೆಡ್‌ಲೈನ್. ಇನ್ನು ಆಫೀಸಿನಲ್ಲಿ ಹಂಚುವ ಬಹುಪಾಲು ತಾರೀಖುಗಳು ಬರೀ ಆಸೆಗಳು. ‘ಶುಕ್ರವಾರಕ್ಕೆ ಸಿಕ್ಕರೆ ಚೆನ್ನಾಗಿರುತ್ತದೆ’ ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಅಂತ ಅದಕ್ಕೆ ಡೆಡ್‌ಲೈನ್ ವೇಷ ಹಾಕುತ್ತಾರೆ.

ಒಮ್ಮೆ ಹೀಗೇ ಒಂದು ವರದಿಯನ್ನು ನಿದ್ದೆಗೆಟ್ಟು ಮುಗಿಸಿ ಶುಕ್ರವಾರ ಕಳಿಸಿದೆ. ಮುಂದಿನ ಗುರುವಾರ ಕೇಳಿದರೆ, ‘ಓ, ಬಂದಿದೆಯಾ? ಇನ್ನೂ ತೆರೆದಿಲ್ಲ, ನೋಡ್ತೀನಿ’ ಅಂತ ಉತ್ತರ. ಸಿಟ್ಟು ಬಂದದ್ದು ಕೆಲಸಕ್ಕಲ್ಲ. ನಿಜವಾದ ಅವಸರ ಬಂದಾಗಲೂ ಇನ್ನು ಇವರನ್ನು ನಂಬುವುದು ಹೇಗೆ ಅಂತ.

ಅವತ್ತಿನಿಂದ ಯಾರು ಡೆಡ್‌ಲೈನ್ ಕೊಟ್ಟರೂ ಒಂದೇ ಪ್ರಶ್ನೆ ಕೇಳುತ್ತೇನೆ: ‘ಇದು ಸೋಮವಾರ ಬೆಳಗ್ಗೆ ಬಂದರೆ ಯಾರ ಕೆಲಸ ನಿಲ್ಲುತ್ತದೆ?’ ಕೆಲವರು ತಕ್ಷಣ ಹೇಳುತ್ತಾರೆ, ಶನಿವಾರ ಇಂಥವರು ಇದನ್ನಿಟ್ಟುಕೊಂಡು ಇಂಥ ಕೆಲಸ ಶುರು ಮಾಡಬೇಕು ಅಂತ. ಅಂಥವರಿಗೆ ರಾತ್ರಿಯೆಲ್ಲ ಕೂತಾದರೂ ಮಾಡಿಕೊಡುತ್ತೇನೆ. ಉಳಿದವರು ಸ್ವಲ್ಪ ಹೊತ್ತು ಯೋಚಿಸಿ, ‘ಹಾಗೇನಿಲ್ಲ, ಸುಮ್ನೆ ಒಂದು ಡೇಟ್ ಹಾಕಿದ್ದೆ’ ಅನ್ನುತ್ತಾರೆ. ಅವರಿಗೆ ಸೋಮವಾರವೇ.